ಬಿಯರ್ ಗೇಮ್: ಕುಡಿಯೋಕ್ಕಲ್ಲ, ಕಂಪನಿ ನಡೆಸೋರು ಕೂತು ಆಡೋಕೆ

ಪೀಣ್ಯದಲ್ಲಿ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಸ್ಟೋರ್ಸ್ ಮತ್ತು ಪರ್ಚೇಸ್ ನೋಡಿಕೊಳ್ಳುವವನು ನಾನು. ಮ್ಯಾನೇಜ್‌ಮೆಂಟ್ ಟ್ರೈನಿಂಗ್ ಅಂದರೆ ನಮ್ಮಲ್ಲಿ ಒಳ್ಳೇ ಊಟ, ಒಂದು ಸರ್ಟಿಫಿಕೇಟು, ಸೋಮವಾರ ಮತ್ತೆ ಅದೇ ಜಗಳ. ಸಿಸ್ಟಮ್ಸ್ ಥಿಂಕಿಂಗ್ (ಬಿಡಿಬಿಡಿಯಾಗಿ ನೋಡದೆ ಇಡೀ ವ್ಯವಸ್ಥೆಯನ್ನು ಒಟ್ಟಿಗೆ ನೋಡುವುದು) ಹೆಸರಲ್ಲಿ ಬಂದ ಈ ಬೋರ್ಡ್ ಆಟ ಮಾತ್ರ ಬೇರೆ ಥರ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆಟ ಹಳೇದು. 1960ರ ದಶಕದ ಶುರುವಿನಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮ್ಯಾನೇಜ್‌ಮೆಂಟ್ ಶಾಲೆ ಸ್ಲೋನ್ ಸ್ಕೂಲಿನಲ್ಲಿ ಜೇ ಫಾರೆಸ್ಟರ್ ಮತ್ತು ಅವರ ಜೊತೆಯವರು ಮಾಡಿದ್ದು. ಫಾರೆಸ್ಟರ್ ಮೂಲತಃ ಎಲೆಕ್ಟ್ರಿಕಲ್ ಎಂಜಿನಿಯರ್; ಕಂಪ್ಯೂಟರ್ ಮೆಮೊರಿಯಲ್ಲಿ ಹೆಸರು ಮಾಡಿ 1956ರಲ್ಲಿ ಮ್ಯಾನೇಜ್‌ಮೆಂಟ್ ಕಡೆ ಬಂದವರು. ಆಗ ಜನರಲ್ ಎಲೆಕ್ಟ್ರಿಕ್‌ನವರಿಗೆ ಕೆಂಟಕಿಯ ಫ್ಯಾಕ್ಟರಿಗಳದ್ದೊಂದು ತಲೆನೋವು. ಒಮ್ಮೆ ಮೂರು-ನಾಲ್ಕು ಶಿಫ್ಟಿನಲ್ಲಿ ಕೆಲಸ, ಕೆಲವೇ ವರ್ಷದಲ್ಲಿ ಅರ್ಧಕ್ಕರ್ಧ ಜನ ಮನೆಗೆ. ಫಾರೆಸ್ಟರ್ ಆ ಕಂಪನಿಯವರನ್ನು ಕೂರಿಸಿಕೊಂಡು, ಯಾವಾಗ ಜನ ತಗೋತೀರಿ, ಸ್ಟಾಕ್ ಕಡಿಮೆಯಾದರೆ ಏನು ಮಾಡ್ತೀರಿ ಅಂತ ಕೇಳಿ, ಪೆನ್ಸಿಲ್ ಹಿಡಿದು ಹಾಳೆಯ ಮೇಲೆ ವಾರವಾರದ ಲೆಕ್ಕ ಹಾಕಿದರು. ಹೊರಗಿನ ಆರ್ಡರ್ ಒಂದೇ ಸಮ ಇದ್ದರೂ ಏರಿಳಿತ ಬಂತು. ಅಂದರೆ ಅದನ್ನು ಹುಟ್ಟಿಸುತ್ತಿದ್ದದ್ದು ಕಂಪನಿಯ ಒಳಗಿನ ನಿಯಮಗಳೇ. ಆ ಲೆಕ್ಕವನ್ನೇ ಟೇಬಲ್ ಮೇಲೆ ಹಾಸಿದರೆ ಈ ಆಟ.

ಅಂಗಡಿ, ಹೋಲ್‌ಸೇಲರ್, ಡಿಸ್ಟ್ರಿಬ್ಯೂಟರ್, ಫ್ಯಾಕ್ಟರಿ ಅಂತ ನಾಲ್ಕು ಜಾಗ. ಗಿರಾಕಿಯ ಚೀಟಿ ಅಂಗಡಿಗೆ ಮಾತ್ರ ಕಾಣುತ್ತದೆ; ಅಲ್ಲಿಂದ ಆರ್ಡರ್ ಒಬ್ಬರಿಂದ ಮುಂದಿನವರಿಗೆ ಫ್ಯಾಕ್ಟರಿವರೆಗೆ ಹೋಗುತ್ತದೆ, ಮಾಲು ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಎಲ್ಲರಿಗೂ ಶುರುವಿಗೆ 12 ಕೇಸ್ ಬಿಯರ್ ಸ್ಟಾಕ್, ಕೇಸಿನ ಬದಲು ಬಿಲ್ಲೆ. ವಾರಕ್ಕೊಂದು ಚೀಟಿಯಲ್ಲಿ ಆರ್ಡರ್ ಬರೆದು, ಮಗುಚಿ, ಪಕ್ಕಕ್ಕೆ ತಳ್ಳಬೇಕು, ಮಾತಾಡುವಂತಿಲ್ಲ. ಚೀಟಿ ಮುಟ್ಟಲು ಎರಡು ವಾರ, ಮಾಲು ಬರಲು ಇನ್ನೆರಡು ವಾರ. ಕೇಸ್ ಸ್ಟಾಕಿನಲ್ಲಿ ಕೂತರೆ ವಾರಕ್ಕೆ ಅರ್ಧ ಡಾಲರ್ ಖರ್ಚು, ಕೊಡದೆ ಬಾಕಿ ಉಳಿಸಿಕೊಂಡರೆ ಒಂದು ಡಾಲರ್. ಇಡೀ ಟೇಬಲ್ಲಿನ ಖರ್ಚು ಕಡಿಮೆ ಇದ್ದವರು ಗೆದ್ದ ಹಾಗೆ. 50 ವಾರ ಅಂತ ಹೇಳಿ 36ಕ್ಕೇ ನಿಲ್ಲಿಸುವುದು ವಾಡಿಕೆ. ಇಲ್ಲದಿದ್ದರೆ ಕೊನೆ ವಾರಗಳಲ್ಲಿ ಎಲ್ಲರೂ ಆರ್ಡರ್ ಕಟ್ ಮಾಡಿ ಸ್ಟಾಕ್ ಇಳಿಸಿಬಿಡುತ್ತಾರೆ. (ಮಾರ್ಚ್ 31ರ ಅಭ್ಯಾಸ ಇದ್ದವರಿಗೆ ಹೇಳಿಕೊಡಬೇಕೆ?)

ನಾನು ಆಡಲಿಲ್ಲ, ಎರಡು ಟೇಬಲ್ ನಡುವೆ ಓಡಾಡಿಕೊಂಡಿದ್ದೆ. ಒಂದರಲ್ಲಿ ಡಿಸ್ಟ್ರಿಬ್ಯೂಟರ್ ಆಗಿ ನಮ್ಮ ಪ್ಲಾನಿಂಗ್ ಹುಡುಗ, ಲೆಕ್ಕದಲ್ಲಿ ಬಲು ಚುರುಕು. ಅವನ ಸ್ಟಾಕ್ ಖಾಲಿಯಾಗಿ ಬಾಕಿ ಏರತೊಡಗಿತು. 20 ಬರೆದ. ಮಾಲು ಬರಲಿಲ್ಲ. ಮುಂದಿನ ವಾರ 30. ಅದೂ ಇಲ್ಲ. ಮತ್ತೆ 40. ಹಿಂದೆ ಹಾಕಿದ ಆರ್ಡರೆಲ್ಲ ಅವನದೇ ಶೀಟಿನಲ್ಲಿ, ಅವನದೇ ಅಕ್ಷರದಲ್ಲಿ ಇವೆ. ಕಣ್ಣು ಮಾತ್ರ ಬಾಕಿಯ ಕಾಲಮ್ಮಿನ ಮೇಲೆ. ಫ್ಯಾಕ್ಟರಿಯಲ್ಲಿ ಕೂತಿದ್ದ ಪ್ರೊಡಕ್ಷನ್ ಮೇಡಂ ಕಡೆ ತಿರುಗಿ, ರೂಲ್ಸ್ ಗಾಳಿಗೆ ತೂರಿ, "ಏನ್ ಮೇಡಂ, ಪ್ಲಾಂಟ್ ಬಂದ್ ಮಾಡಿದ್ರಾ?" ಅಂದ. ಕೆಲವು ವಾರ ಕಳೆದು ಎಲ್ಲಾ ಒಟ್ಟಿಗೆ ಬಂದಿಳಿಯಿತು. ಬಿಲ್ಲೆ ಇಡಲು ಜಾಗ ಸಾಲದೆ ನೀರಿನ ಬಾಟಲಿ ಕೆಳಗಿಟ್ಟ. ಅಷ್ಟರಲ್ಲಿ ಹೋಲ್‌ಸೇಲರ್ ಕಡೆಯಿಂದ ಬರುತ್ತಿದ್ದ ಚೀಟಿಗಳಲ್ಲಿ ಸೊನ್ನೆ.

ಆಟ ಮುಗಿದ ಮೇಲೆ, ಗಿರಾಕಿಯ ಬೇಡಿಕೆ ಹೇಗಿತ್ತು ಅಂತ ಅಂದಾಜಿನಲ್ಲಿ ಗ್ರಾಫ್ ಎಳೆಸುತ್ತಾರೆ. ಅಂಗಡಿಯವರನ್ನು ಬಿಟ್ಟು ಉಳಿದವರೆಲ್ಲ ಎಳೆದದ್ದು ಭಾರೀ ಉಬ್ಬು-ತಗ್ಗು. ನಿಜವಾದ ಬೇಡಿಕೆ ಮೊದಲ ನಾಲ್ಕು ವಾರ 4 ಕೇಸ್, ಐದನೇ ವಾರದಿಂದ ಕೊನೆಯವರೆಗೂ 8. ಅಷ್ಟೇ. ಹುಡುಗ ನಂಬಲಿಲ್ಲ, ಗಿರಾಕಿ ಚೀಟಿಗಳ ಕಟ್ಟು ಇಸಿದುಕೊಂಡು ಒಂದೊಂದೇ ತಿರುವಿ ನೋಡಿದ. ಎಂಐಟಿಯ ಜಾನ್ ಸ್ಟರ್ಮನ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ತಂಡಗಳ ಸರಾಸರಿ ಖರ್ಚು, ಆಗಬಹುದಾಗಿದ್ದ ಕನಿಷ್ಠ ಖರ್ಚಿನ ಸುಮಾರು ಹತ್ತು ಪಟ್ಟು. ಆರ್ಡರ್ ಹಾಕಿಯಾಗಿದೆ, ಇನ್ನೂ ಬಂದಿಲ್ಲ ಅನ್ನುವ ಮಾಲನ್ನು ಜನ ಲೆಕ್ಕಕ್ಕೆ ಹಿಡಿಯುವುದಿಲ್ಲ ಅನ್ನುವುದು ಅವರು ಕೊಟ್ಟ ಮುಖ್ಯ ಕಾರಣ.

ಇಲ್ಲಿಯವರೆಗೆ ಪೂರ್ತಿ ಮಾರ್ಕ್ಸ್. ನನ್ನ ತಕರಾರು ಬೇರೆ. ಮಾತಾಡಲು ಬಿಟ್ಟಿದ್ದರೆ ಎಲ್ಲಾ ಸರಿಯಾಗುತ್ತಿತ್ತು ಅಂತ ಆಡಿದವರಿಗೆ ಅನ್ನಿಸಿಬಿಡುತ್ತದೆ. ನಮ್ಮಲ್ಲಿ ದಿನಾ ಬೆಳಿಗ್ಗೆ ಮೀಟಿಂಗ್ ಇದೆ, ವಾಟ್ಸಾಪ್ ಗ್ರೂಪ್ ಇದೆ, ಮಾತಿಗೇನೂ ಬರ ಇಲ್ಲ. ಆದರೆ ಸೇಲ್ಸ್‌ಗೆ ತಿಂಗಳ ಟಾರ್ಗೆಟ್, ಪ್ರೊಡಕ್ಷನ್‌ಗೆ ಮಷಿನ್ ನಿಲ್ಲಬಾರದು, ನನಗೆ ಸ್ಟಾಕ್ ಇಳಿಸಬೇಕು. ಎತ್ತು ಏರಿಗೆ, ಕೋಣ ನೀರಿಗೆ. ಟೇಬಲ್ಲಿಗೆಲ್ಲ ಒಂದೇ ಸ್ಕೋರ್ ಇಟ್ಟೇ ಹತ್ತು ಪಟ್ಟು ಖರ್ಚಾಗುವುದಾದರೆ, ಡಿಪಾರ್ಟ್‌ಮೆಂಟಿಗೊಂದು ಸ್ಕೋರ್ ಇಟ್ಟ ಕಂಪನಿಯ ಗತಿ ಏನು? ಈ ಪ್ರಶ್ನೆಗೆ ಆಟದಲ್ಲಿ ಜಾಗ ಇಲ್ಲ. ಮಾಲು ಕಮ್ಮಿ ಇದ್ದಾಗ ಬೇಕಾದ್ದಕ್ಕಿಂತ ಹೆಚ್ಚು ಆರ್ಡರ್ ಹಾಕಿ ಸೀಟು ಹಿಡಿಯುವ ಚಾಳಿಗೂ ಇಲ್ಲ. 2021ರ ಚಿಪ್ ಕೊರತೆಯಲ್ಲಿ ಪರ್ಚೇಸ್‌ನಲ್ಲಿದ್ದವರಿಗೆ ಅದನ್ನು ವಿವರಿಸಬೇಕಾಗಿಲ್ಲ.

ಆಡಿಸಲು ಬಂದ ಹೊರಗಿನ ಸಂಸ್ಥೆಯ ಬಗ್ಗೆ ಹೇಳುವುದಾದರೆ, ಆಟ ಚೆನ್ನಾಗಿ ನಡೆಸಿದರು, ಚರ್ಚೆ ಕೆಡಿಸಿದರು. ಬಿಸಿ ಆರುವ ಮೊದಲೇ ಪ್ರೊಜೆಕ್ಟರ್ ಹಾಕಿ ಯಾವುದರಿಂದ ಏನಾಗುತ್ತದೆ ಅನ್ನುವ ಬಾಣದ ಗುರುತಿನ ವೃತ್ತಗಳನ್ನು ತೋರಿಸುತ್ತಾ ಕೂತರು. ಜನ ತಮ್ಮ ಶೀಟನ್ನೇ ಇನ್ನೂ ನೋಡಿ ಮುಗಿಸಿರಲಿಲ್ಲ. ಆ ಸಮಯವನ್ನು ಚರ್ಚೆಗೆ ಕೊಟ್ಟಿದ್ದರೆ ಸ್ಲೈಡು ಬೇಕೇ ಇರಲಿಲ್ಲ.

ಕಂಪ್ಯೂಟರಿನಲ್ಲಿ ಆಡುವ ರೂಪಗಳೂ ಇವೆ. ಮೊದಲ ಸಲಕ್ಕೆ ಬೇಡ. ಬಿಲ್ಲೆಗಳನ್ನು ಕೈಯಲ್ಲಿ ತಳ್ಳಿದಾಗ ತಡ ಅನ್ನುವುದು ಮೈಗೆ ಹತ್ತುತ್ತದೆ, ಸ್ಕ್ರೀನಿನಲ್ಲಿ ಅದು ಬರೀ ಅಂಕಿ. ಬಿಯರ್ ಹೆಸರಿಗೆ ಯಾರಾದರೂ ಮುಖ ಗಂಟಿಕ್ಕಿದರೆ ಜ್ಯೂಸ್ ಅನ್ನಿ, ಲೆಕ್ಕ ಬದಲಾಗುವುದಿಲ್ಲ.

ನಮ್ಮಲ್ಲಿ ಆದ ಬದಲಾವಣೆ ಒಂದೇ. ಇಂಡೆಂಟ್ (ಮಾಲು ಬೇಕು ಅನ್ನುವ ಕೋರಿಕೆ) ಹಾಕುವ ಸ್ಕ್ರೀನಿನಲ್ಲಿ ಸ್ಟಾಕಿನ ಪಕ್ಕಕ್ಕೇ 'ಬರಬೇಕಾದ್ದು' ಅನ್ನುವ ಕಾಲಮ್ ಬಂತು. ಡಿಪಾರ್ಟ್‌ಮೆಂಟಿಗೊಂದು ಸ್ಕೋರ್ ಇಡುವ ಅಪ್ರೈಸಲ್ ಫಾರಂ ಹಾಗೇ ಇದೆ. 5ಕ್ಕೆ 4 ಕೊಡುತ್ತೇನೆ. ಆಡಿಸುವುದಾದರೆ ಅರ್ಧ ದಿನ ಪೂರ್ತಿ ಬಿಡಿ. ನಿಮ್ಮ ಎಂಡಿಯನ್ನು ಅಂಗಡಿಯ ಕುರ್ಚಿಯಲ್ಲಿ ಮಾತ್ರ ಕೂರಿಸಬೇಡಿ. ಅಲ್ಲಿ ಗಿರಾಕಿಯ ಚೀಟಿ ನೇರವಾಗಿ ಕಾಣುತ್ತದೆ, ಅವರಿಗೆ ಬಿಸಿ ತಟ್ಟುವುದಿಲ್ಲ. ಫ್ಯಾಕ್ಟರಿ ಕೊಡಿ.