18 ತಿಂಗಳ ಲಸಿಕೆಗೆ ಹೋದಾಗ ಡಾಕ್ಟರ್ ಏನು ಕೇಳುತ್ತಾರೆ: ಮಂಗಳೂರು, ಉಡುಪಿಯ ಎರಡು ಮಕ್ಕಳ ಕ್ಲಿನಿಕ್ ಬಗ್ಗೆ

ಮಕ್ಕಳ ಕ್ಲಿನಿಕ್‌ಗಳ ರಿವ್ಯೂ ಓದಿದರೆ ಹೆಚ್ಚಾಗಿ ಎಲ್ಲ ಒಂದೇ ತರ ಇರುತ್ತವೆ. ಡಾಕ್ಟರ್ ಒಳ್ಳೆಯವರು, ಪಾರ್ಕಿಂಗ್ ಇಲ್ಲ, ತುಂಬ ಹೊತ್ತು ಕಾಯಬೇಕು, ಜ್ವರ ಬೇಗ ಇಳಿಯಿತು. ನಾನು ಬರೆಯುತ್ತಿರುವುದು ಬೇರೆ ವಿಷಯ. ಮಗುವಿಗೆ ಆಟಿಸಂ (ಬೇರೆಯವರ ಜೊತೆ ಬೆರೆಯುವುದು, ಮಾತು, ವರ್ತನೆ ಬೇರೆ ತರ ಬೆಳೆಯುವ ಸ್ಥಿತಿ) ಇರಬಹುದು ಅನ್ನುವ ಲಕ್ಷಣ ಕಂಡರೆ ಅದನ್ನು ಬೇಗ ಹಿಡಿಯಲಿಕ್ಕೆ ಈ ಕ್ಲಿನಿಕ್‌ಗಳು ತಯಾರಾಗಿವೆಯಾ? ನನ್ನ ತಂಗಿಯ ಮಗನನ್ನು ಕರೆದುಕೊಂಡು ಮಂಗಳೂರಿನ ಒಂದು, ಉಡುಪಿಯ ಒಂದು ಕ್ಲಿನಿಕ್‌ಗೆ ಹೋಗಿದ್ದೇವೆ. ಎರಡರ ಹೆಸರೂ ಹಾಕುತ್ತಿಲ್ಲ. ಇಲ್ಲಿ ಬರೆದದ್ದನ್ನು ನೀವು ನಿಮ್ಮ ಮಗುವಿನ ಡಾಕ್ಟರ್ ಹತ್ತಿರವೂ ಕೇಳಬಹುದು, ನನಗೆ ಅದೇ ಮುಖ್ಯ.

ಮೊದಲು ಮಂಗಳೂರಿನದು. ಜಾಗ ಚೆನ್ನಾಗಿದೆ. ಸ್ವಚ್ಛ, ಟೋಕನ್ ಮೊಬೈಲಿನಲ್ಲೇ ಸಿಗುತ್ತದೆ, ಲಸಿಕೆ ದಿನ ತಪ್ಪದ ಹಾಗೆ ಮೆಸೇಜ್ ಬರುತ್ತದೆ. ಒಂದೂವರೆ ವರ್ಷದ ಬೂಸ್ಟರ್‌ಗೆ ಹೋದಾಗ ತಂಗಿ ತಾನಾಗಿಯೇ ವಿಷಯ ತೆಗೆದಳು. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಒಂದು ಪದವೂ ಇಲ್ಲ, ಬೆರಳು ತೋರಿಸುವುದಿಲ್ಲ. ಏನಾದರೂ ಬೇಕಾದರೆ ನಮ್ಮ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ ಬಿಸ್ಕೆಟ್ ಡಬ್ಬದ ಮುಚ್ಚಳದ ಮೇಲೆ ಇಡುತ್ತಾನೆ, ಆದರೆ ನಮ್ಮ ಮುಖ ನೋಡುವುದಿಲ್ಲ. ಇಷ್ಟನ್ನೂ ಹೇಳಿದಳು. ಡಾಕ್ಟರ್ ತೂಕ ನೋಡಿದರು, ಎತ್ತರ ನೋಡಿದರು, ಎರಡೂ ಸರಿ ಇತ್ತು. "ಗಂಡು ಮಕ್ಕಳಿಗೆ ಮಾತು ತಡ ಅಲ್ವಾ, ಮನೆಯಲ್ಲಿ ಎಷ್ಟು ಭಾಷೆ ಮಾತಾಡುತ್ತೀರಿ, ಒಂದೇ ಭಾಷೆ ಮಾಡಿ, ಮೊಬೈಲ್ ಕೊಡಬೇಡಿ, 3 ವರ್ಷದ ತನಕ ನೋಡುವ" ಅಂದರು. ಅಷ್ಟೇ. ಮಗುವಿನ ಹೆಸರು ಹಿಡಿದು ಒಂದು ಸಲ ಕರೆದು ಕೂಡ ನೋಡಲಿಲ್ಲ.

ಆ ಒಂದು ಮಾತಿನಿಂದ ಮನೆಯಲ್ಲಿ ಏನಾಯಿತು ಗೊತ್ತಾ? ಅಜ್ಜಿಗೆ ಬರುವುದು ತುಳು ಮಾತ್ರ. ತಂಗಿ ಮತ್ತು ಬಾವ ಕನ್ನಡ ಇಟ್ಟುಕೊಳ್ಳುವುದು ಅಂತ ತೀರ್ಮಾನ ಮಾಡಿದರು. ಅಜ್ಜಿ ಮೊಮ್ಮಗನ ಜೊತೆ ಮಾತಾಡುವುದನ್ನೇ ನಿಲ್ಲಿಸಿಬಿಟ್ಟರು. ಮಾತು ಬರಲಿ ಅಂತ ಮಾಡಿದ್ದು, ಮಗುವಿಗೆ ಇಡೀ ದಿನ ಜೊತೆಗಿರುವವರ ಮಾತೇ ಕೇಳದ ಹಾಗೆ ಆಯಿತು. ಎರಡು ಮೂರು ಭಾಷೆಯ ನಡುವೆ ಬೆಳೆದರೆ ಆಟಿಸಂ ಬರುವುದಿಲ್ಲ, ಮಾತಿನ ತೊಂದರೆಯೂ ಬರುವುದಿಲ್ಲ. ನಮ್ಮ ಕಡೆ ತುಳು, ಕನ್ನಡ, ಕೊಂಕಣಿ, ಬ್ಯಾರಿ ಇವುಗಳಲ್ಲಿ ಕನಿಷ್ಠ ಎರಡು ಇಲ್ಲದ ಮನೆ ಹುಡುಕುವುದೇ ಕಷ್ಟ, ಇಲ್ಲಿನ ಮಕ್ಕಳು ಬೆಳೆದದ್ದೇ ಹಾಗೆ. ಮತ್ತೆ ತಂಗಿ ಹೇಳಿದ್ದು ಬರೀ ಮಾತಿನ ವಿಷಯ ಅಲ್ಲ. ಬೆರಳು ತೋರಿಸಲಿಕ್ಕೆ ತುಳುವೂ ಬೇಡ, ಕನ್ನಡವೂ ಬೇಡ. ಮಾತು ತಡ ಆದ ಮಗು ಆದರೂ ಕಾಗೆ ಕಂಡರೆ ಕೈ ಚಾಚಿ ತೋರಿಸಿ ಅಮ್ಮನ ಮುಖ ನೋಡುತ್ತದೆ, ಅಮ್ಮನೂ ನೋಡಿದಳಾ ಅಂತ. ಅದು ಇಲ್ಲ ಅಂದಾಗ ಡಾಕ್ಟರ್ ಕಿವಿ ನೆಟ್ಟಗಾಗಬೇಕಿತ್ತು.

3 ವರ್ಷದ ತನಕ ಕಾಯಿರಿ ಅನ್ನುವುದು ನನಗೆ ಎಲ್ಲಕ್ಕಿಂತ ಜಾಸ್ತಿ ಬೇಸರ ತಂದ ಮಾತು. ಅನುಭವ ಇರುವ ತಜ್ಞರು 2 ವರ್ಷದ ಹೊತ್ತಿಗೇ ಆಟಿಸಂ ಅನ್ನು ನಂಬಬಹುದಾದ ಮಟ್ಟಿಗೆ ಗುರುತಿಸಬಲ್ಲರು. ಕಾದರೆ ಹೋಗುವುದು ಮಿದುಳು ಬೇಗ ಬೇಗ ಕಲಿಯುವ ವರ್ಷ. ಥೆರಪಿಗೆ ಅದೇ ವರ್ಷ ಬೇಕು. ಮೊಬೈಲ್ ಕಡಿಮೆ ಮಾಡಿ ಅಂದದ್ದು ತಪ್ಪಲ್ಲ, ಅಷ್ಟು ಸಣ್ಣ ಮಕ್ಕಳಿಗೆ ಅದು ಬೇಡವೇ ಬೇಡ. ಆದರೆ ಅದು ತಪಾಸಣೆಯ ಬದಲಿಗೆ ಹೇಳುವ ಮಾತಲ್ಲ.

ಇನ್ನು ಉಡುಪಿಯದು. ಸಣ್ಣ ಜಾಗ, ಮೆಟ್ಟಿಲು ಹತ್ತಬೇಕು, ಕುರ್ಚಿ ಸಾಲದೆ ಅರ್ಧ ಜನ ನಿಂತಿರುತ್ತಾರೆ. ಪರಿಚಯದವರು ಹೇಳಿದರು ಅಂತ 20 ತಿಂಗಳಿಗೆ ಕರೆದುಕೊಂಡು ಹೋದೆವು. ನಾವು ಬಾಯಿ ಬಿಡುವ ಮೊದಲೇ, ಹೊರಗೆ ಕಾಯುತ್ತಿರುವಾಗಲೇ, ಸಿಸ್ಟರ್ ಒಬ್ಬರು ಹಾಳೆ ಹಿಡಿದುಕೊಂಡು ಬಂದು ತಂಗಿಯ ಪಕ್ಕ ಕುಳಿತರು. ಆ ವಯಸ್ಸಿನ ಎಲ್ಲ ಮಕ್ಕಳಿಗೂ ಕೇಳುತ್ತಾರಂತೆ, ಶೀತ ಅಂತ ಬಂದವರಿಗೂ. ಹಾಳೆ ಕೈಗೆ ಕೊಟ್ಟು ತುಂಬಿಸಿ ಅನ್ನಲಿಲ್ಲ. ತುಳುವಿನಲ್ಲೇ ಒಂದೊಂದಾಗಿ ಕೇಳಿ, ಅವರೇ ಗುರುತು ಹಾಕಿಕೊಂಡರು.

ಅದು ಎಂ-ಚಾಟ್-ಆರ್ ಅನ್ನುವ ಪ್ರಶ್ನಾವಳಿ. 16ರಿಂದ 30 ತಿಂಗಳ ಮಕ್ಕಳಿಗೆ ಇರುವುದು. 20 ಪ್ರಶ್ನೆ, ಹೌದು ಅಥವಾ ಇಲ್ಲ ಅಂತ ಉತ್ತರ. ಕೋಣೆಯ ಆ ಕಡೆ ಇರುವ ವಸ್ತುವಿಗೆ ನೀವು ಬೆರಳು ತೋರಿಸಿದರೆ ಮಗು ಅತ್ತ ನೋಡುತ್ತದಾ, ಸಹಾಯಕ್ಕೆ ಅಲ್ಲದೆ ಸುಮ್ನೆ ನಿಮಗೆ ತೋರಿಸಲಿಕ್ಕೆ ಅಂತ ಏನಾದರೂ ಎತ್ತಿಕೊಂಡು ಬರುತ್ತದಾ, ಖಾಲಿ ಲೋಟದಿಂದ ಕುಡಿದ ಹಾಗೆ ಆಡುತ್ತದಾ, ಇಂಥವು. ಡಾಕ್ಟರ್‌ಗಳು ಇದನ್ನು ಬಳಸಲಿಕ್ಕೆ ದುಡ್ಡು ಕೊಡಬೇಕಾಗಿಲ್ಲ, ಉಚಿತ. ಕೇಳಿ ಮುಗಿಸಲಿಕ್ಕೆ ಹತ್ತು ನಿಮಿಷ ಸಾಕು. ಸಂಶಯ ಹುಟ್ಟಿಸುವ ಒಂದೊಂದು ಉತ್ತರಕ್ಕೂ ಒಂದು ಅಂಕ. 0ರಿಂದ 2 ಬಂದರೆ ಸದ್ಯಕ್ಕೆ ಹೆದರಿಕೆ ಇಲ್ಲ, ಮಗುವಿಗೆ 2 ವರ್ಷ ಆಗಿಲ್ಲದಿದ್ದರೆ ಆದ ಮೇಲೆ ಇನ್ನೊಮ್ಮೆ ಕೇಳಬೇಕು. 3ರಿಂದ 7 ಮಧ್ಯಮ. 8 ಅಥವಾ ಜಾಸ್ತಿ ಬಂದರೆ ನೇರವಾಗಿ ತಜ್ಞರ ಹತ್ತಿರ. ನಮ್ಮವನದು ಮಧ್ಯದಲ್ಲಿ ಬಂತು.

ಮಧ್ಯದಲ್ಲಿ ಬಂದರೆ ಎರಡನೇ ಸುತ್ತು ಉಂಟು. ಹಾಗೆ ಅಂಕ ಬಂದ ಪ್ರಶ್ನೆಗಳನ್ನೇ ಹಿಡಿದು ಬಿಡಿಸಿ ಕೇಳುವುದು. ಸಮಯ ಇಲ್ಲ ಅಂತ ಎಷ್ಟೋ ಕಡೆ ಇದನ್ನು ಬಿಟ್ಟುಬಿಡುತ್ತಾರೆ. ಇಲ್ಲಿ ಡಾಕ್ಟರೇ ಕುಳಿತು ಕೇಳಿದರು. ಆಟ ಆಡುತ್ತಿರುವಾಗ ಕರೆದರೆ ಎಂತ ಮಾಡುತ್ತಾನೆ, ತಲೆ ಎತ್ತುತ್ತಾನಾ, ಏನಾದರೂ ಶಬ್ದ ಮಾಡುತ್ತಾನಾ, ಮಾಡುತ್ತಿದ್ದದ್ದನ್ನು ನಿಲ್ಲಿಸುತ್ತಾನಾ, ಅಥವಾ ಬಿಸ್ಕೆಟ್ ಪ್ಯಾಕೆಟಿನ ಸದ್ದಿಗೆ ಮಾತ್ರ ತಿರುಗುವುದಾ. ಬೆರಳು ಹೇಗೆ ತೋರಿಸುತ್ತಾನೆ, ಒಂದೇ ಬೆರಳಾ, ಇಡೀ ಕೈಯಾ, ನಿಮ್ಮ ಕೈ ಹಿಡಿದು ಎಳೆಯುವುದಾ. ಹೀಗೆ ಕೇಳಿದಾಗ ತಂಗಿಯ ಬಾಯಿಂದ ಬಿಸ್ಕೆಟ್ ಡಬ್ಬದ ಕಥೆ ತಾನಾಗಿ ಬಂತು. ಡಾಕ್ಟರ್ ಅದನ್ನು ಹಾಗೇ ಬರೆದುಕೊಂಡರು. ಆಮೇಲೆ ನೆಲದ ಮೇಲೆ ಕುಳಿತು, ಗೋಡೆಯ ಮೂಲೆಯಲ್ಲಿ ಅಂಟಿಸಿದ್ದ ಬೆಕ್ಕಿನ ಚಿತ್ರಕ್ಕೆ ಬೆರಳು ತೋರಿಸಿ "ಅಲ್ಲಿ ನೋಡು, ಬೆಕ್ಕು" ಅಂದರು. ನಮ್ಮವನು ಬೆರಳನ್ನೇ ನೋಡಿದ. ಹತ್ತಿರ ಬಂದು ಉಂಗುರ ಮುಟ್ಟಿದ. ಬೆಕ್ಕಿನ ಕಡೆಗೆ ತಿರುಗಲೇ ಇಲ್ಲ.

ಅವರು ಹೇಳಿದ ರೀತಿಯೂ ನನಗೆ ಹಿಡಿಸಿತು. ಇದು ಆಟಿಸಂ ಅಂತ ಹೇಳುವ ಪರೀಕ್ಷೆ ಅಲ್ಲ, ಮುಂದೆ ಸರಿಯಾಗಿ ನೋಡಬೇಕು ಅಂತ ಹೇಳುವ ಪರೀಕ್ಷೆ. ಹೀಗೆ ಸಿಕ್ಕಿಬಿದ್ದ ಎಲ್ಲ ಮಕ್ಕಳಿಗೂ ಆಟಿಸಂ ಇರುವುದಿಲ್ಲ, ಆದರೆ ತುಂಬ ಮಕ್ಕಳಿಗೆ ಬೆಳವಣಿಗೆಯಲ್ಲಿ ಏನಾದರೂ ಸಹಾಯ ಬೇಕಾಗಿರುತ್ತದೆ, ಹಾಗಾಗಿ ನೋಡಿಸಿದ್ದು ದಂಡ ಆಗುವುದಿಲ್ಲ ಅಂದರು. ಕಡಿಮೆ ಅಂಕ ಬಂದ ಮಕ್ಕಳಲ್ಲೂ ಕೆಲವರು ತಪ್ಪಿಹೋಗುತ್ತಾರೆ, ಅಪ್ಪ ಅಮ್ಮನಿಗೆ ಸಂಶಯ ಇದ್ದರೆ ಅಂಕ ನೋಡಿ ಸುಮ್ಮನಾಗಬಾರದು ಅಂತಲೂ ಹೇಳಿದರು. ಲಸಿಕೆಯಿಂದ ಹೀಗಾಯಿತಾ ಅಂತ ಬಾವ ಕೇಳಿದರು, ಮನೆಯಲ್ಲಿ ಯಾರೋ ತಲೆಗೆ ತುಂಬಿದ್ದರು. ದಡಾರ, ಮಂಗನಬಾವು, ರುಬೆಲ್ಲಾಕ್ಕೆ ಕೊಡುವ ಎಂಎಂಆರ್ ಲಸಿಕೆಯ ಮೇಲೆ ಆ ಸಂಶಯ ಹುಟ್ಟಿಸಿದ್ದು 1998ರ ಒಂದು ಲೇಖನ, ಅದನ್ನು ಪ್ರಕಟಿಸಿದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಹಿಂದಕ್ಕೆ ತೆಗೆದುಕೊಂಡಿದೆ, ಉಳಿದ ಲಸಿಕೆ ಬಿಡಬೇಡಿ ಅಂದರು. ಬೈಯಲಿಲ್ಲ, ಗದರಲಿಲ್ಲ.

ನಾನು ಪೂರ್ತಿ ಅಂಕ ಕೊಡುವುದು ಮುಂದಿನ ಕೆಲಸಕ್ಕೆ. ಒಂದೇ ಚೀಟಿಯಲ್ಲಿ ಮೂರು ವಿಷಯ ಬರೆದರು. ಬೆರಾ ಅನ್ನುವ ಕಿವಿ ಪರೀಕ್ಷೆ, ಬೆಳವಣಿಗೆಯ ತಜ್ಞರ ಹತ್ತಿರ ಪೂರ್ತಿ ತಪಾಸಣೆ, ಮತ್ತು ಸ್ಪೀಚ್ ಥೆರಪಿ. ಕರೆದರೆ ತಿರುಗದ ಮಗುವಿಗೆ ಕಿವಿ ಕೇಳುತ್ತದಾ ಅಂತ ನೋಡಲೇಬೇಕು ಅಲ್ವಾ, ಮಂಗಳೂರಿನಲ್ಲಿ ಅದನ್ನೂ ಹೇಳಿರಲಿಲ್ಲ. ತಜ್ಞರು ಇಂಥದ್ದು ಅಂತ ಖಚಿತ ಮಾಡುವ ತನಕ ಥೆರಪಿಗೆ ಕಾಯಬೇಡಿ, ಇವತ್ತಿನಿಂದಲೇ ಶುರು ಮಾಡಿ ಅಂದರು. ಅಜ್ಜಿಗೆ ತುಳುವಿನಲ್ಲೇ ಮಾತಾಡಲಿಕ್ಕೆ ಹೇಳಿ, ಎಷ್ಟು ಜಾಸ್ತಿ ಮಾತಾಡಿದರೆ ಅಷ್ಟು ಒಳ್ಳೆಯದು ಅಂತ ಹೇಳಿದ್ದು ಕೇಳಿ ತಂಗಿಗೆ ಕಣ್ಣಲ್ಲಿ ನೀರು ಬಂತು. 2 ವರ್ಷ ತುಂಬಿದ ಮೇಲೆ ತಜ್ಞರು ಆಟಿಸಂ ಅಂತ ಖಚಿತ ಮಾಡಿದರು. ಅಷ್ಟರಲ್ಲಿ ಥೆರಪಿ ಶುರುವಾಗಿ ಕೆಲವು ತಿಂಗಳೇ ಆಗಿತ್ತು.

ನಮ್ಮ ಎರಡು ಜಿಲ್ಲೆಗಳಲ್ಲಿ ಸೌಲಭ್ಯ ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಮಣಿಪಾಲ, ಮಂಗಳೂರು, ದೇರಳಕಟ್ಟೆಯಲ್ಲಿ ಮೆಡಿಕಲ್ ಕಾಲೇಜುಗಳಿವೆ. ಮಣಿಪಾಲದಲ್ಲೂ ಕಂಕನಾಡಿಯ ಫಾದರ್ ಮುಲ್ಲರ್‌ನಲ್ಲೂ ವಾಕ್ ಮತ್ತು ಶ್ರವಣ ಕಲಿಸುವ ವಿಭಾಗಗಳೇ ಇವೆ. ಬೇರೆ ಜಿಲ್ಲೆಯವರು ಇದಕ್ಕಾಗಿ ಬಸ್ ಹತ್ತಿ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗುವಾಗ ನಮಗೆ ಇಷ್ಟು ಹತ್ತಿರದಲ್ಲಿ ಸಿಗುತ್ತದೆ. ಕೊರತೆ ಇರುವುದು ಬಾಗಿಲಲ್ಲಿ. ಮಗುವನ್ನು ಮೊದಲು ನೋಡುವ ಡಾಕ್ಟರ್ ಕಳಿಸದಿದ್ದರೆ ಒಳಗೆ ಎಷ್ಟು ತಜ್ಞರಿದ್ದರೂ ಏನು ಪ್ರಯೋಜನ?

ಸರ್ಕಾರದ ಕಡೆಯಿಂದ ವ್ಯವಸ್ಥೆ ಇಲ್ಲ ಅಂತಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಡಾಕ್ಟರ್‌ಗಳ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು, ನೋಡಬೇಕಾದ ಪಟ್ಟಿಯಲ್ಲಿ ಬೆಳವಣಿಗೆಯ ತೊಂದರೆಗಳು ಇವೆ. ಆದರೆ ತಂಡ ಬಂದ ದಿನ ಮಗು ಅಂಗನವಾಡಿಯಲ್ಲಿ ಇರಬೇಕಲ್ಲ. ಒಂದೂವರೆ ವರ್ಷದ ಮಗು ಮನೆಯಲ್ಲೇ ಇರುತ್ತದೆ. ಆಶಾ ಕಾರ್ಯಕರ್ತೆಯರ ಮನೆ ಭೇಟಿ 3, 6, 9, 12, 15 ತಿಂಗಳಿಗೆ ಅಂತ ಇದೆ, 15ಕ್ಕೆ ಮುಗಿಯಿತು. ಎಂ-ಚಾಟ್-ಆರ್ ಶುರುವಾಗುವುದೇ 16ಕ್ಕೆ. ನಡುವೆ ಎಲ್ಲ ಮಕ್ಕಳನ್ನೂ ಆರೋಗ್ಯ ಸಿಬ್ಬಂದಿಯ ಮುಂದೆ ತಂದು ಕೂರಿಸುವುದು ಒಂದೇ, 16 ತಿಂಗಳ ನಂತರದ ಬೂಸ್ಟರ್ ಲಸಿಕೆ. ಅದಕ್ಕೆ ತಪ್ಪಿಸದೆ ಬರುತ್ತೇವೆ ನಾವು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕೂಡ 18 ಮತ್ತು 24 ತಿಂಗಳಿಗೆ ಪ್ರತಿ ಮಗುವಿಗೂ ಆಟಿಸಂ ತಪಾಸಣೆ ಮಾಡಿ ಅಂತಲೇ ಹೇಳುವುದು. ಸೂಜಿ ಚುಚ್ಚುವ ದಿನವೇ ಆ 20 ಪ್ರಶ್ನೆ ಕೇಳಿಬಿಟ್ಟರೆ ಬೇರೆ ದಿನ ಬೇಡ, ಬೇರೆ ಕೋಣೆ ಬೇಡ, ಡಾಕ್ಟರೇ ಬೇಕು ಅಂತಲೂ ಇಲ್ಲ, ಉಡುಪಿಯಲ್ಲಿ ಮಾಡಿದ ಹಾಗೆ ಸಿಸ್ಟರ್ ಕೇಳಿದರೆ ಆಯಿತು.

ಉಡುಪಿಯ ಕ್ಲಿನಿಕ್‌ನಲ್ಲಿ ಎಲ್ಲವೂ ಸರಿ ಅಂತಲ್ಲ. ವರದಿ ಪೂರ್ತಿ ಇಂಗ್ಲಿಷ್‌ನಲ್ಲಿ ಕೊಟ್ಟರು, ತಂಗಿಯ ಅತ್ತೆಗೆ ಓದಿ ಹೇಳಲಿಕ್ಕೆ ನಾನೇ ಬೇಕಾಯಿತು. ಮನೆಯಲ್ಲಿ ಎಂತ ಮಾಡಬೇಕು ಅಂತ ಒಂದು ಪುಟ ಕನ್ನಡದಲ್ಲಿ ಕೊಟ್ಟರೆ ಎಷ್ಟು ಉಪಕಾರ. ಆಟಿಸಂ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸೇರಿದೆ, ವಿಕಲಚೇತನರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡ್ ಮಾಡಿಸಬಹುದು ಅನ್ನುವುದನ್ನು ಅಲ್ಲಿ ಯಾರೂ ಹೇಳಲಿಲ್ಲ, ಥೆರಪಿಗೆ ಬಂದ ಇನ್ನೊಬ್ಬ ತಾಯಿಯಿಂದ ಗೊತ್ತಾದದ್ದು. ಕಾಯುವ ಜಾಗದಲ್ಲಿ ಟಿವಿ ಜೋರಾಗಿ ಹಾಕಿರುತ್ತಾರೆ, ಶಬ್ದ ಆಗದ ಮಕ್ಕಳಿಗೆ ಅದು ಹಿಂಸೆ, ನಮ್ಮವನು ಕಿವಿ ಮುಚ್ಚಿಕೊಂಡು ಬಾಗಿಲ ಹತ್ತಿರ ಓಡಿದ. ಹೇಳಿದ ಕೂಡಲೇ ಕಡಿಮೆ ಮಾಡಿದರು, ಆದರೆ ಹೇಳಬೇಕಾಯಿತು. ಪ್ರಶ್ನಾವಳಿಗೆ ಬೇರೆ ಫೀಸ್ ತೆಗೆದುಕೊಂಡಿಲ್ಲ.

ಮಂಗಳೂರಿನದಕ್ಕೆ ಈ ವಿಷಯದಲ್ಲಿ ಒಂದು ಸ್ಟಾರ್, ಉಡುಪಿಯದಕ್ಕೆ ನಾಲ್ಕು. ನೀವು ಎಲ್ಲಿಗೆ ಹೋಗುವುದಾದರೂ ಮೊದಲು ಫೋನ್ ಮಾಡಿ, ಒಂದೂವರೆ ವರ್ಷದ ಮಗುವಿಗೆ ಆಟಿಸಂ ಪ್ರಶ್ನಾವಳಿ ಕೇಳುತ್ತೀರಾ ಅಂತ ವಿಚಾರಿಸಿ. ಲಸಿಕೆ ಕಾರ್ಡ್ ಹಿಡಿದುಕೊಳ್ಳಿ. ಮಗು ಮನೆಯಲ್ಲಿ ಆಡುವುದನ್ನು, ನೀವು ಹಿಂದಿನಿಂದ ಹೆಸರು ಹಿಡಿದು ಕರೆಯುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ, ಕ್ಲಿನಿಕ್‌ನಲ್ಲಿ ಹೊಸ ಮುಖ ನೋಡಿ ಮಗು ಬೇರೆ ತರ ಇರಬಹುದು. ಸಾಧ್ಯವಾದರೆ ಸಂಜೆ ಬೇಡ, ಬೆಳಗ್ಗಿನ ಮೊದಲ ಟೋಕನ್ ಹಿಡಿಯಿರಿ, ಆಗ ಕೇಳಲಿಕ್ಕೆ ಅವರಿಗೂ ಪುರುಸೊತ್ತು ಇರುತ್ತದೆ.