ಶಿಕ್ಷೆ ಅಮಾನತಾಯಿತೆಂದು ನೌಕರಿ ಉಳಿಯುವುದಿಲ್ಲ

ಸರ್ಕಾರಿ ನೌಕರರ ಕೇಸುಗಳಲ್ಲಿ ಪದೇ ಪದೇ ಆಗುತ್ತಿರುವ ಅನಾಹುತ ಇದು. ಟ್ರ್ಯಾಪ್ ಕೇಸಿನಲ್ಲೋ (ಲಂಚ ಪಡೆಯುವಾಗ ಸಿಕ್ಕಿಬಿದ್ದ ಕೇಸು) ಹೊಡೆದಾಟದ ಕೇಸಿನಲ್ಲೋ ಶಿಕ್ಷೆಯಾಗುತ್ತದೆ. ಅಪೀಲು ಹಾಕಿ ಜಾಮೀನು ಸಿಕ್ಕ ದಿನ ಮನೆಯವರೆಲ್ಲ ಉಸಿರು ಬಿಡುತ್ತಾರೆ. ಸ್ವಲ್ಪ ದಿನಕ್ಕೇ ವಜಾ ಆದೇಶ ಕೈಗೆ ಬರುತ್ತದೆ. ‘ಡಿಇ (ಇಲಾಖಾ ವಿಚಾರಣೆ) ಮಾಡದೆ ಹೇಗೆ ತೆಗೆದರು?’ ಎಂದು ಆಗ ಓಡಾಟ ಶುರು.

ತೆಗೆಯಬಹುದು. ಕ್ರಿಮಿನಲ್ ಕೇಸಿನಲ್ಲಿ ಶಿಕ್ಷೆಯಾಗಿದ್ದರೆ ಸಂವಿಧಾನದ 311(2)ನೇ ವಿಧಿಯ ಎರಡನೇ ಪರಂತುಕವೇ (ವಿನಾಯಿತಿ ಹೇಳುವ ಭಾಗ) ಆ ಅಧಿಕಾರ ಕೊಟ್ಟಿದೆ. ರಾಜ್ಯ ನೌಕರರಿಗೆ 1957ರ ಸಿಸಿಎ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳ 14ನೇ ನಿಯಮ, ಕೇಂದ್ರದವರಿಗೆ 1965ರ ನಿಯಮಗಳ 19ನೇ ನಿಯಮ. 1985ರ ತುಳಸಿರಾಂ ಪಟೇಲ್ ತೀರ್ಪು ಇದನ್ನು ಗಟ್ಟಿ ಮಾಡಿತು. ಅಪೀಲು ಮುಗಿಯುವವರೆಗೆ ಇಲಾಖೆ ಕಾಯಬೇಕಿಲ್ಲ ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಎಡವುವುದು ‘ಅಮಾನತು’ ಎಂಬ ಪದದಲ್ಲಿ. ಅಪೀಲು ಕೋರ್ಟಿನ ಆದೇಶವನ್ನು ಬಿಡಿಸಿ ಓದಿ: ‘ಶಿಕ್ಷೆಯನ್ನು ಅಮಾನತಿನಲ್ಲಿಡಲಾಗಿದೆ’ ಎಂದಷ್ಟೇ ಇದ್ದರೆ ಜೈಲು ತಪ್ಪಿತು, ಅಪರಾಧಿ ಎಂಬ ತೀರ್ಮಾನ ಹಾಗೇ ಉಳಿಯಿತು. ಇಲಾಖೆಗೆ ಬೇಕಾದದ್ದು ಅದೊಂದೇ. ಅಪರಾಧ ನಿರ್ಣಯಕ್ಕೇ ತಡೆ ಬೇಕೆಂದು ಬೇರೆಯಾಗಿ ಕೇಳಬೇಕು, ನೌಕರಿ ಹೋಗುತ್ತದೆ ಎಂಬುದನ್ನು ಅರ್ಜಿಯಲ್ಲೇ ಬಿಡಿಸಿ ಬರೆಯಬೇಕು. ಇದಕ್ಕೆ ಹಿಂದೆ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 389ನೇ ಸೆಕ್ಷನ್ ಇತ್ತು, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 430. ಲಂಚದ ಕೇಸಿನಲ್ಲಿ ಈ ತಡೆ ಸಿಗುವುದು ತೀರಾ ಅಪರೂಪ. ಸುಳ್ಳು ಭರವಸೆ ಕೊಡುವವರನ್ನು ನಂಬಬೇಡಿ.

ಶೋಕಾಸ್ ನೋಟಿಸ್ ಬಂದರೆ ‘ನಾನು ನಿರಪರಾಧಿ’ ಎಂದು ಪುಟಗಟ್ಟಲೆ ಬರೆದು ಫಲವಿಲ್ಲ, ಅದು ಅಪೀಲಿನ ವಿಷಯ. ದಂಡನೆಯ ಪ್ರಮಾಣದ ಬಗ್ಗೆ ಬರೆಯಿರಿ: ಕೃತ್ಯ ಎಂಥದ್ದು, ಹುದ್ದೆಗೂ ಅದಕ್ಕೂ ಸಂಬಂಧವಿದೆಯೇ, ಸೇವೆ ಎಷ್ಟು ವರ್ಷದ್ದು. ದೆಹಲಿಯ ಹಾಲು ಪೂರೈಕೆ ಯೋಜನೆಯ ನಗದು ಗುಮಾಸ್ತ ಶಂಕರ್ ದಾಸ್ 500 ರೂಪಾಯಿ ಬಳಸಿಕೊಂಡು, ತೀರಿಸಿ, ಪ್ರೊಬೇಷನ್ ಮೇಲೆ (ಜೈಲಿಗೆ ಕಳಿಸದೆ ಸನ್ನಡತೆಯ ಷರತ್ತಿನ ಮೇಲೆ) ಬಿಡುಗಡೆಯಾದವರು. ಅವರ ವಜಾವನ್ನು ಸುಪ್ರೀಂ ಕೋರ್ಟ್ 1985ರಲ್ಲಿ ರದ್ದು ಮಾಡಿತು. ಪ್ರೊಬೇಷನ್ ಸಿಕ್ಕಿತೆಂದು ವಜಾ ತಪ್ಪುವುದಿಲ್ಲ ಎಂದೂ ಅದೇ ತೀರ್ಪು ಹೇಳಿದೆ, ಅದನ್ನು ಮರೆಯಬೇಡಿ.

ಆದೇಶ ಬಂದಾಗ ಮೊದಲು ಕೆಳಗಿನ ಸಹಿ ನೋಡಿ. ನೇಮಕಾತಿ ಪ್ರಾಧಿಕಾರಕ್ಕಿಂತ ಕೆಳಗಿನ ಅಧಿಕಾರಿ ವಜಾ ಮಾಡುವಂತಿಲ್ಲ. ಇದನ್ನು ಹೇಳುವ 311(1) ವಿಚಾರಣೆ ಬೇಡದ ಕೇಸಿಗೂ ಅನ್ವಯಿಸುತ್ತದೆ. ಆಮೇಲೆ ನಿಮ್ಮ ನಡತೆಯ ಬಗ್ಗೆ ಒಂದು ಸಾಲಾದರೂ ಇದೆಯೇ, ‘ಶಿಕ್ಷೆಯಾಗಿದೆ, ಆದ್ದರಿಂದ ವಜಾ’ ಎಂದಷ್ಟೇ ಇದೆಯೇ ನೋಡಿ. ಬರೀ ಅಷ್ಟೇ ಇದ್ದರೆ ರಾಜ್ಯ ನೌಕರರಿಗೆ ಕೆಎಟಿ (ಕರ್ನಾಟಕ ಆಡಳಿತ ನ್ಯಾಯಮಂಡಳಿ) ಮುಂದೆ ವಾದಕ್ಕೆ ಜಾಗವಿದೆ. ಅದಕ್ಕೂ ಮೊದಲು ಇಲಾಖೆಯೊಳಗಿನ ಮೇಲ್ಮನವಿ ಮುಗಿಸಿ. ಅಲ್ಲಿನ ಅಂತಿಮ ಆದೇಶ ಬಂದ ಮೇಲೆ ಟ್ರಿಬ್ಯುನಲ್‌ಗೆ ಹೋಗಲು ಒಂದು ವರ್ಷ ಮಾತ್ರ.

ಅಪೀಲಿನಲ್ಲಿ ಖುಲಾಸೆಯಾದರೆ ದೃಢೀಕೃತ ಪ್ರತಿ ಲಗತ್ತಿಸಿ ನೌಕರಿಗೆ ವಾಪಸ್ ತೆಗೆದುಕೊಳ್ಳಿ ಎಂದು ಆ ವಾರವೇ ಇಲಾಖೆಗೆ ಮನವಿ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಹಿಂಬಾಕಿ ಸಂಬಳ ತಾನಾಗಿ ಬರುವುದಿಲ್ಲ, ಅದನ್ನೂ ಆ ಮನವಿಯಲ್ಲೇ ಕೇಳಿ.