ದೋಸೆಗೆ ಹತ್ತಕ್ಕೆ ಒಂಬತ್ತು, ಹಾಳೆಗೆ ಸೊನ್ನೆ

ದಾವಣಗೆರೆ ಹಳೇ ಪೇಟೆ ಕಡೆಯ ಒಂದು ಬೆಣ್ಣೆ ದೋಸೆ ಹೋಟೆಲ್ ಬಗ್ಗೆ, ವಾರಕ್ಕೆ ಎರಡು ಸಲದ ಲೆಕ್ಕದಲ್ಲಿ ಆರು ವರ್ಷದ ಬಳಕೆಯ ಮೇಲೆ ಬರೆದದ್ದು. ಹೆಸರು ಹಾಕಿಲ್ಲ. ಕೆಳಗೆ ಬರೋ ದೂರು, ತಟ್ಟೆ ಮೇಲೆ ಹಾಸೋ ಪ್ಲಾಸ್ಟಿಕ್ ಹಾಳೆಯದ್ದು, ಅವರೊಬ್ಬರದ್ದೇ ಅಲ್ಲ, ಬೇರೆ ಕಡೆಯೂ ಇದೇ ಹಾಡು. ಒಬ್ಬರ ಮೇಲೆ ಗೂಬೆ ಕೂರಿಸೋದು ಸರಿಯಲ್ಲ. ಏಳು ಮೇಜು, ಮೇಲೆ ಕಡಪ ಕಲ್ಲು, ಗೋಡೆಯ ಹಲಗೆ ಮೇಲೆ ನಾಲ್ಕೇ ಐಟಂ: ಬೆಣ್ಣೆ ದೋಸೆ, ಓಪನ್ ದೋಸೆ, ಖಾಲಿ ದೋಸೆ, ಕಾಫಿ-ಟೀ. ಸಾಂಬಾರ್ ಇಲ್ಲ, ಕೇಳಲೂಬೇಡಿ. ಬೆಂಗಳೂರಿನಲ್ಲಿ ‘ದಾವಣಗೆರೆ’ ಅಂತ ಬೋರ್ಡ್ ಹಾಕಿಕೊಂಡು ಸಾಂಬಾರ್ ಬಟ್ಟಲು ತಂದಿಡೋ ಹೋಟೆಲುಗಳ ಅಭ್ಯಾಸ ಇದ್ದವರು ಇಲ್ಲಿ ಮೊದಲ ದಿನ ಸ್ವಲ್ಪ ತಡವರಿಸ್ತಾರೆ.

ಒಲೆಯಿಂದ ಶುರು ಮಾಡಬೇಕು. ಒಳ್ಳೇದೆಲ್ಲ ಇರೋದು ಅಲ್ಲೇ.

ಕಟ್ಟಿಗೆ ಒಲೆ, ಅದರ ಮೇಲೆ ಹೆಬ್ಬೆರಳು ದಪ್ಪದ ಕಬ್ಬಿಣದ ಹಂಚು. ಒಂದು ಒಬ್ಬೆಗೆ ಹನ್ನೆರಡು ದೋಸೆ. ಹಂಚು ಅಷ್ಟು ದಪ್ಪ ಇರೋದು ಶೋಕಿಗಲ್ಲ: ತಣ್ಣನೆ ಹಿಟ್ಟು ಹನ್ನೆರಡು ಕಡೆ ಒಂದೇ ಸಲ ಬಿದ್ದರೆ ತೆಳು ಹಂಚು ಪಟ್ಟಂತ ಕಾವು ಕಳಕೊಂಡು ದೋಸೆ ಬಿಳುಚಿಕೊಳ್ಳುತ್ತೆ. ದಪ್ಪ ಹಂಚು ಒಳಗೆ ಕಾವು ಕೂಡಿಟ್ಟುಕೊಂಡಿರುತ್ತೆ, ಬೇಗ ಬಗ್ಗಲ್ಲ. ಪ್ರತಿ ಒಬ್ಬೆ ಎತ್ತಿದ ಮೇಲೆ ಭಟ್ಟರು ಒಂದು ಚೊಂಬು ನೀರು ಚೆಲ್ಲಿ ಕಡ್ಡಿ ಪೊರಕೆಯಿಂದ ಗುಡಿಸ್ತಾರೆ. ಇದು ಬರೀ ಶುಚಿ ಮಾಡೋ ಕೆಲಸ ಅಲ್ಲ, ಕಾವಿನ ಪರೀಕ್ಷೆ. ನೀರಿನ ಹನಿ ಗೋಲಿಯಂತೆ ಗುಂಡಾಗಿ ಹಂಚಿನ ಮೇಲೆ ಓಡಾಡಿದರೆ ಕಾವು ಮೀರಿದೆ ಅಂತ ಅರ್ಥ. ಆಗ ಹಿಟ್ಟು ಹಾಕಿದರೆ ಹಂಚು ಹಿಡಿಯೋದಿಲ್ಲ, ಸವಟಿನ ಹಿಂದೆಯೇ ಸುತ್ತಿಕೊಂಡು ಬರುತ್ತೆ. ಬಿದ್ದ ಜಾಗದಲ್ಲೇ ಚುಸ್ ಅಂತ ಕುದ್ದು ಆರಿದರೆ ಹದ. ಗ್ಯಾಸ್ ಒಲೆಯಲ್ಲಿ ತಿರುಪು ತಿರುಗಿಸಿದರೆ ಮುಗೀತು. ಕಟ್ಟಿಗೆ ಒಲೆಗೆ ತಿರುಪು ಇಲ್ಲ, ಆ ಒಂದು ಚೊಂಬು ನೀರೇ ತಿರುಪು.

ಸವಟು ತುಂಬ ಹಿಟ್ಟು, ಒಳಗಿನಿಂದ ಹೊರಕ್ಕೆ ಎರಡು ಸುತ್ತು, ಅಷ್ಟೇ. ಮಸಾಲೆ ದೋಸೆಯಂತೆ ಹಾಳೆ ಮಾಡಲ್ಲ. ಅಗಲ ಒಂದು ಗೇಣು, ದಪ್ಪ ಸೆಟ್ ದೋಸೆಗಿಂತ ಕಮ್ಮಿ, ಮಸಾಲೆ ದೋಸೆಗಿಂತ ಜಾಸ್ತಿ. ಮೇಲೆ ತೂತು ಬಿದ್ದು ಹಸಿ ಬಣ್ಣ ಹೋಗೋ ಹೊತ್ತಿಗೆ ಬೆಣ್ಣೆ. ಚಮಚ ಅಲ್ಲ, ಕೈಯಲ್ಲೇ ನೆಲ್ಲಿಕಾಯಿ ಗಾತ್ರದ್ದು. ಬೆಣ್ಣೆಯಲ್ಲಿ ನೂರಕ್ಕೆ 16ರಿಂದ 20 ಪಾಲು ನೀರು ಇರುತ್ತೆ. ಅದು ಹಂಚಿಗೆ ತಾಗಿ ಆವಿಯಾಗುವಾಗಲೇ ಆ ಚುಯ್ಯ್ ಸದ್ದು ಬರೋದು, ಅಂಚಿನಲ್ಲಿ ಜಾಲರಿ ಏಳೋದು. ನೀರು ಹೋದ ಮೇಲೆ ಉಳಿದ ಹಾಲಿನ ಅಂಶ ಕಂದಾಗಿ ಹೊಮ್ಮೋ ಪರಿಮಳ ತುಪ್ಪದಲ್ಲಿ ಬರಲ್ಲ. ತುಪ್ಪ ಕಾಯಿಸುವಾಗಲೇ ಆ ಅಂಶ ಗಸಿಯಾಗಿ ತಳಕ್ಕೆ ಹೋಗಿರುತ್ತೆ. ಎಣ್ಣೆಯಲ್ಲಂತೂ ಆ ಮಾತೇ ಇಲ್ಲ. ಮಗುಚೋದು ಒಂದೇ ಸಲ, ಹತ್ತು ಎಣಿಸೋಷ್ಟರಲ್ಲಿ ವಾಪಸ್.

ಮಧ್ಯದ ದೋಸೆ ಕೇಳಿ. ಕಟ್ಟಿಗೆ ಒಲೆಯ ಉರಿ ಹಂಚಿನ ನಡುವೆ ಮತ್ತು ಒಲೆ ಬಾಯಿ ಕಡೆ ಜೋರು, ಗೋಡೆ ಕಡೆಯ ಸಾಲು ಸೋಮಾರಿ. ಒಂದೇ ಒಬ್ಬೆಯಲ್ಲಿ ಎರಡು ಜಾತಿ ದೋಸೆ ಹುಟ್ಟೋದು ಹೀಗೆ. ‘ಅಣ್ಣಾ, ಖಡಕ್ ಇರ್ಲಿ’ ಅಂದರೆ ನಡುವಿನದ್ದು ಬರುತ್ತೆ. ಸುಮ್ಮನಿದ್ದರೆ ಯಾವುದಾದರೂ ಬರುತ್ತೆ. ಹಲ್ಲಿಲ್ಲದ ಹಿರಿಯರಿಗೆ ಗೋಡೆ ಸಾಲಿನದ್ದೇ ವಾಸಿ, ಅದನ್ನೂ ಕೇಳಿ ಪಡೆಯಬಹುದು.

ಹಿಟ್ಟಿನ ಲೆಕ್ಕ ಊರಿಗೇ ಗೊತ್ತಿರೋದೇ: ಅಕ್ಕಿ, ಕಮ್ಮಿ ಉದ್ದು, ಮಂಡಕ್ಕಿ, ಚಿಟಿಕೆ ಮೆಂತ್ಯ. ಮನೆಯಲ್ಲಿ ಮಾಡೋರಿಗೆ ನಾಲ್ಕು ಲೋಟ ದೋಸೆ ಅಕ್ಕಿಗೆ ಒಂದು ಲೋಟ ಉದ್ದು, ಎರಡು ಲೋಟ ಮಂಡಕ್ಕಿ ಹಿಡಿಸುತ್ತೆ. ಉದ್ದು ಜಾಸ್ತಿಯಾದರೆ ಲೋಳೆ ಗಾಳಿ ಹಿಡಿದು ದೋಸೆ ಮೆತ್ತಗಾಗುತ್ತೆ, ಗರಿ ಬರಲ್ಲ. ಮಂಡಕ್ಕಿ ಆಗಲೇ ಬೆಂದ ಅಕ್ಕಿ, ಅದು ಒಳಗಿನ ಮೆದು ನೋಡಿಕೊಳ್ಳುತ್ತೆ. ಅದನ್ನು ಅಕ್ಕಿಯ ಜೊತೆ ರಾತ್ರಿಯೆಲ್ಲ ನೆನೆಹಾಕೋದು ಸಾಮಾನ್ಯ ತಪ್ಪು. ರುಬ್ಬೋ ಮುಂಚೆ ಹತ್ತು ನಿಮಿಷ ನೆನೆಸಿ ಹಿಂಡಿದರೆ ಸಾಕು. ಮಂಡಕ್ಕಿ ಭಟ್ಟಿಗಳು ಊರಲ್ಲೇ ಇರೋವಾಗ ಅದು ದೋಸೆ ಹಿಟ್ಟಿಗೆ ಬಂದು ಬಿದ್ದದ್ದರಲ್ಲಿ ಆಶ್ಚರ್ಯ ಏನಿಲ್ಲ. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಬಂದು ಈ ಊರಲ್ಲಿ ದೋಸೆ ಅಂಗಡಿ ಶುರು ಮಾಡಿದ ಚೆನ್ನಮ್ಮನವರು ರಾಗಿ ಹಿಟ್ಟಿನ ದೋಸೆ ಹಾಕ್ತಿದ್ದರು, ಅಕ್ಕಿ-ಮಂಡಕ್ಕಿ ಬಂದದ್ದು ಅವರ ಮಕ್ಕಳ ಕಾಲಕ್ಕೆ ಅನ್ನೋದು ಊರಲ್ಲಿ ಹೇಳಿಕೊಂಡು ಬಂದ ಮಾತು.

ಹೋಗೋ ಹೊತ್ತು ಮುಖ್ಯ. ಏಳಕ್ಕೆ ಬಾಗಿಲು ತೆರೀತಾರೆ, ಆದರೆ ಮೊದಲ ಎರಡು ಒಬ್ಬೆ ಹಂಚು ಪಳಗಿಸೋದಕ್ಕೇ ಹೋಗುತ್ತೆ. ಎಂಟರಿಂದ ಒಂಬತ್ತೂವರೆ ಹೊತ್ತಿನದ್ದು ಉತ್ತಮ. ಮಾರ್ಚ್-ಏಪ್ರಿಲ್ ಬಿಸಿಲಲ್ಲಿ ಹತ್ತೂವರೆ ದಾಟಿದರೆ ಹಿಟ್ಟು ಹುಳಿ. ಹುಳಿ ಬಂದ ಹಿಟ್ಟಿನ ದೋಸೆ ಎಷ್ಟು ಹೊತ್ತು ಬಿಟ್ಟರೂ ಕೆಂಪಾಗಲ್ಲ, ಯಾಕಂದ್ರೆ ಬಣ್ಣ ಕೊಡಬೇಕಾದ ಸಕ್ಕರೆ ಅಂಶವನ್ನ ಹುದುಗು ತಿಂದು ಮುಗಿಸಿರುತ್ತೆ. ದೋಸೆ ಬೆಳ್ಳಗೆ, ರುಚಿ ಹುಳಿ, ಎರಡೂ ಒಟ್ಟಿಗೆ ಬಂದ ದಿನ ಭಟ್ಟರನ್ನು ಬೈಯಬೇಡಿ, ಗಡಿಯಾರ ನೋಡಿಕೊಳ್ಳಿ.

ಪಲ್ಯಕ್ಕೆ ಅರಿಶಿನ ಇಲ್ಲ. ಬೇಯಿಸಿ ಕಿವುಚಿದ ಆಲೂಗಡ್ಡೆ, ಈರುಳ್ಳಿ, ಹಸಿಮೆಣಸಿನಕಾಯಿ, ಉಪ್ಪು. ಸಪ್ಪೆ ಅನ್ನೋರು ಇದ್ದಾರೆ. ಸಪ್ಪೆ ಇರಬೇಕಾದದ್ದೇ, ಬೆಣ್ಣೆ ಮತ್ತು ಖಾರದ ಚಟ್ನಿ ಜಗಳ ಆಡುವಾಗ ನಡುವೆ ಒಬ್ಬ ಸಮಾಧಾನದವನು ಬೇಕು. ಚಟ್ನಿ ಕಾಯಿ, ಪುಟಾಣಿ, ಹಸಿಮೆಣಸಿನಕಾಯಿಯದ್ದು, ಬಕೆಟ್ಟಿನಲ್ಲಿ ತಂದು ಸಾಕು ಅನ್ನೋವರೆಗೂ ಸುರೀತಾರೆ. ಹತ್ತರ ನಂತರ ನೀರಾಗೋದು ನಿಜ. ಕ್ಷಮಿಸಬಹುದು.

ಕ್ಷಮಿಸೋಕಾಗದ್ದು ಹಾಳೆ.

ಇಷ್ಟೆಲ್ಲ ಕಾವಿನ ಲೆಕ್ಕ, ನೀರಿನ ಲೆಕ್ಕ, ಬೆಣ್ಣೆಯ ಲೆಕ್ಕ ಮಾಡಿ ಇಳಿಸಿದ ದೋಸೆಯನ್ನ ಎರಡು ವರ್ಷದಿಂದ ಸ್ಟೀಲ್ ತಟ್ಟೆ ಮೇಲೆ ತೆಳ್ಳನೆ ಪ್ಲಾಸ್ಟಿಕ್ ಹಾಳೆ ಹಾಸಿ ಕೊಡ್ತಾರೆ. ಕಟ್ಟು ಕಟ್ಟಾಗಿ ಬರುತ್ತೆ, ಹುಡುಗ ಒಂದೊಂದಾಗಿ ಉಫ್ ಅಂತ ಊದಿ ಬಿಡಿಸ್ತಾನೆ (ಹೌದು, ಬಾಯಲ್ಲೇ), ಒದ್ದೆ ತಟ್ಟೆಗೆ ಅಂಟಿಸ್ತಾನೆ, ಮೇಲೆ ದೋಸೆ ಬೀಳುತ್ತೆ. ಹತ್ತಿರದಿಂದ ಗಮನಿಸಿ: ದೋಸೆ ಬಿದ್ದ ಕ್ಷಣ ಅದರ ಸುತ್ತ ಹಾಳೆ ಸುಕ್ಕುಗಟ್ಟಿ ಒಳಕ್ಕೆ ಮುದುಡುತ್ತೆ. ಕರಗಿದ ಬೆಣ್ಣೆ ಆ ಸುಕ್ಕಿನೊಳಗೆ ಇಳಿದು ನಿಲ್ಲುತ್ತೆ, ಬೆರಳಿಗೆ ಸಿಗಲ್ಲ. ತುಂಡು ಮುರಿಯೋಕೆ ಹೋದರೆ ದೋಸೆಯ ಜೊತೆ ಹಾಳೆಯೂ ಮೇಲೇಳುತ್ತೆ. ಎಡಗೈಯಲ್ಲಿ ಅಂಚು ಒತ್ತಿ ಹಿಡಿದು ಬಲಗೈಯಲ್ಲಿ ತಿನ್ನೋ ಸರ್ಕಸ್ಸು ಎಲ್ಲಾ ಮೇಜಿನಲ್ಲೂ ನಡೀತಿರುತ್ತೆ. ಖಡಕ್ ದೋಸೆಯ ಅಂಚು ಚುಚ್ಚಿ ಹಾಳೆ ಹರಿದರೆ ಸಣ್ಣ ಚೂರು ಚಟ್ನಿಯಲ್ಲಿ ಸೇರುತ್ತೆ. ಕಾಯಿ ಚೂರು ಅಂದುಕೊಂಡು ಅಗಿದರೆ ಮುಗಿಯೋದಿಲ್ಲ.

ಗರಿ ಹೋಗೋದಕ್ಕೂ ಇದೇ ಕಾರಣ. ದೋಸೆಯೊಳಗಿನ ನೀರು ಹಂಚಿನಿಂದ ಇಳಿದ ಮೇಲೂ ಒಂದೆರಡು ನಿಮಿಷ ಆವಿಯಾಗಿ ಹೊರಗೆ ಬರ್ತಾನೇ ಇರುತ್ತೆ. ಮೇಲ್ಗಡೆಯದ್ದು ಗಾಳಿಗೆ ಹೋಗುತ್ತೆ. ಕೆಳಗಡೆಯದ್ದಕ್ಕೆ ದಾರಿ ಬೇಕು. ಹಾಳೆ ದೋಸೆಯ ತಳಕ್ಕೆ ಮೈಯೆಲ್ಲ ಅಂಟಿಕೊಳ್ಳೋದರಿಂದ ಆ ಆವಿ ಅಲ್ಲೇ ನೀರಾಗಿ ಮತ್ತೆ ದೋಸೆಗೇ ಇಳಿಯುತ್ತೆ. ಎರಡನೇ ತುತ್ತಿಗೆ ಕರಕರ ಅಂದದ್ದು ಆರನೇ ತುತ್ತಿಗೆ ಒದ್ದೆ ಬಟ್ಟೆ. ಬರಿ ಸ್ಟೀಲ್ ತಟ್ಟೆಯಲ್ಲೂ ಬೆವರುತ್ತೆ, ಆದರೆ ಇಷ್ಟಿಲ್ಲ, ಯಾಕಂದ್ರೆ ಗಟ್ಟಿ ತಟ್ಟೆ ಮೇಲೆ ದೋಸೆ ತನ್ನ ಉಬ್ಬುತಗ್ಗಿನ ಮೇಲೆ ನಿಂತಿರುತ್ತೆ. ಮುತ್ತುಗದ ಎಲೆಯಲ್ಲಿ ಬೆವರೋದು ಎಲ್ಲಕ್ಕಿಂತ ಕಮ್ಮಿ. ಕಡ್ಡಿ ಚುಚ್ಚಿ ಹೊಲಿದ ಎಲೆಯಲ್ಲಿ ಸಂದು, ನರ, ಏರಿಳಿತ ಎಲ್ಲಾ ಇದ್ದು ಆವಿ ಪಕ್ಕಕ್ಕೆ ಜಾರಿಕೊಳ್ಳುತ್ತೆ. ಬಾಳೆ ಎಲೆ ಇವೆರಡರ ನಡುವೆ. ಮೈಮೇಲೆ ಮೇಣದ ಲೇಪ ಇರೋದರಿಂದ ನೀರು ಹರಡದೆ ಹನಿಯಾಗಿ ನಿಲ್ಲುತ್ತೆ, ಬಿಸಿ ತಾಗಿದರೆ ಪರಿಮಳ ಬೇರೆ.

ಆರೋಗ್ಯದ ಮಾತು ಬಿಡಿ ಅಂದರೂ ಕಾನೂನಿನ ಮಾತಿದೆ. 2016ರ ಮಾರ್ಚ್‌ನಲ್ಲೇ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಊಟದ ಮೇಜಿನ ಮೇಲೆ ಹಾಸೋ ಹಾಳೆಯೂ ಪಟ್ಟಿಯಲ್ಲಿತ್ತು. 2025ರಲ್ಲಿ ಇಡ್ಲಿ ಬೇಯಿಸೋಕೆ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಕಬಾರದು ಅಂತ ಆರೋಗ್ಯ ಇಲಾಖೆ ಕಟ್ಟುನಿಟ್ಟಾಗಿ ಹೇಳಿತು. ಆಮೇಲೆ ಎಷ್ಟೋ ಕಡೆ ಇಡ್ಲಿ ಪಾತ್ರೆಯಿಂದ ಹಾಳೆ ಹೋಯ್ತು. ದೋಸೆ ತಟ್ಟೆ ಮೇಲಿಂದ ಹೋಗಿಲ್ಲ.

ಇನ್ನು ಹೋಟೆಲಿನವರ ಕಡೆಯಿಂದ ನೋಡಿದರೆ ಪೂರ್ತಿ ಬೈಯೋಕೂ ಮನಸ್ಸು ಬರಲ್ಲ. ಬೆಣ್ಣೆ ಹತ್ತಿದ ತಟ್ಟೆ ತಣ್ಣೀರಿಗೆ ಜಗ್ಗಲ್ಲ, ಬಿಸಿನೀರು, ಪುಡಿ, ಎರಡು ಸಲ ತಿಕ್ಕು. ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಯ ನೀರು ನಲ್ಲಿಗೆ ಬರೋದಕ್ಕೆ ಸರದಿ ಕಾಯೋ ಊರಿದು. ಬೇಸಿಗೆಯಲ್ಲಿ ಟ್ಯಾಂಕರ್ ತರಿಸಬೇಕು. ತಟ್ಟೆ ತೊಳೆಯೋ ಹುಡುಗರು ಮೂರು ತಿಂಗಳು ನಿಲ್ಲಲ್ಲ. ದೋಸೆ 70 ರೂಪಾಯಿ, ಅದರಲ್ಲಿ ಬೆಣ್ಣೆಯ ಪಾಲೇ ದೊಡ್ಡದು. ಹಾಳೆ ಪೈಸೆ ಲೆಕ್ಕದ್ದು, ಬಾಳೆ ಎಲೆ ತುಂಡು ರೂಪಾಯಿ ಲೆಕ್ಕದ್ದು, ಜೊತೆಗೆ ಶ್ರಾವಣ ಮಾಸದಲ್ಲಿ, ಮದುವೆ ಸೀಸನ್‌ನಲ್ಲಿ ಸಿಗೋದೂ ಇಲ್ಲ. ಬೆಣ್ಣೆಯಲ್ಲಿ ಅವರು ಇವತ್ತಿಗೂ ಕೈ ಬಿಗಿ ಮಾಡಿಲ್ಲ ಅನ್ನೋದನ್ನೂ ಹೇಳಬೇಕು. ಎಮ್ಮೆ ಬೆಣ್ಣೆ, ಅದಕ್ಕೇ ಅಷ್ಟು ಬಿಳಿ. ಡಾಲ್ಡಾ ಬೆರೆಸಿದ್ದರೆ ತಣ್ಣಗಾದ ದೋಸೆ ತಿಂದಾಗ ಅಂಗುಳಿಗೆ ಮೇಣ ಬಳಿದಂತೆ ಆಗಿ ಬಿಸಿ ಕಾಫಿ ಕುಡಿಯೋವರೆಗೂ ಬಿಡೋದಿಲ್ಲ. ಇಲ್ಲಿ ಒಮ್ಮೆಯೂ ಹಾಗಾಗಿಲ್ಲ. ಬೆಣ್ಣೆಗೆ ಮೋಸ ಮಾಡದವರು ತಟ್ಟೆಗೆ ಬಂದು ಎಡವಿದ್ದೇ ಬೇಜಾರು.

ಬೆಲೆ ಬಗ್ಗೆ ತಕರಾರಿಲ್ಲ. ಇಬ್ಬರು ಎರಡೆರಡು ದೋಸೆ, ಕಾಫಿ ಸೇರಿ 320 ರೂಪಾಯಿಗೆ ಮಧ್ಯಾಹ್ನದ ಊಟ ಮುಂದಕ್ಕೆ ಹೋಗುತ್ತೆ. ತಿಂಗಳಿಗೆ ಎಂಟು ಸಲ ಹೋಗೋ ಜೇಬಿಗೆ ಇದು ತುಸು ಭಾರವೇ, ಆದರೆ ದೋಸೆಗೆ 5 ರೂಪಾಯಿ ಜಾಸ್ತಿ ತಗೊಂಡು ಎಲೆ ಹಾಕ್ತೀವಿ ಅಂದರೆ ಬೇಡ ಅನ್ನೋ ಗಿರಾಕಿ ಸಿಗೋದು ಕಷ್ಟ. ಪಾರ್ಸಲ್ ಅಂತೂ ಬೇಡ. ಡಬ್ಬಿಯಲ್ಲಿ ಮುಚ್ಚಿದ ದೋಸೆ ಹತ್ತು ನಿಮಿಷಕ್ಕೆ ಸತ್ತಿರುತ್ತೆ. ಬೇಕೇ ಬೇಕು ಅಂದರೆ ಖಾಲಿ ದೋಸೆ ಒಯ್ಯಿರಿ, ಅದು ಮೆತ್ತಗೇ ಇರಬೇಕಾದ್ದರಿಂದ ಕೆಡೋದು ಏನೂ ಇಲ್ಲ.

ಸದ್ಯಕ್ಕೆ ಇರೋ ದಾರಿ ಇದು. ಗಲ್ಲಾ ಪೆಟ್ಟಿಗೆ ಹತ್ತಿರ ದುಡ್ಡು ಕೊಟ್ಟು ಚೀಟಿ ತಗೊಳ್ಳುವಾಗಲೇ ‘ಯಜಮಾನ್ರೇ, ಹಾಳೆ ಬೇಡ, ಎಲೆ ಇದ್ರೆ ಹಾಕಿಸ್ರಿ’ ಅನ್ನಿ. ಮೇಜಿನಲ್ಲಿ ಕೂತ ಮೇಲೆ ಹುಡುಗನಿಗೆ ಹೇಳಿದರೆ ಉಪಯೋಗ ಇಲ್ಲ, ಅಷ್ಟೊತ್ತಿಗೆ ಹಾಳೆ ಹಾಸಿದ ತಟ್ಟೆಗಳ ಗೋಪುರ ಒಲೆ ಪಕ್ಕ ಎದ್ದಿರುತ್ತೆ. ಎಲೆ ಇದ್ದ ದಿನ ಮಾತಾಡದೆ ಹಾಕಿಸ್ತಾರೆ, ಮುಖ ಗಂಟು ಹಾಕಲ್ಲ. ನಿಮ್ಮದೇ ಎಲೆ ತಂದರೂ ಸರಿ. ಮುತ್ತುಗದ ಒಣ ಎಲೆಯಾದರೆ ನೀರು ಚಿಮುಕಿಸಿ ಐದು ನಿಮಿಷ ಬಿಟ್ಟು ಒರೆಸಿಕೊಡಿ, ಇಲ್ಲದಿದ್ದರೆ ದೋಸೆಯ ಬಿಸಿಗೆ ಮಡಿಕೆಯಲ್ಲಿ ಸೀಳುತ್ತೆ. ಎಲೆ ಇಲ್ಲದ ದಿನ ‘ಬರಿ ತಟ್ಟೆ ಕೊಡ್ರಿ’ ಅನ್ನಿ. ಬಿಸಿನೀರಲ್ಲಿ ತೊಳೆದ ತಟ್ಟೆಗಳನ್ನ ಒಳಗಿನ ಕಪಾಟಿನಲ್ಲಿ ಬೇರೆ ಇಟ್ಟಿದ್ದಾರೆ. ಒಟ್ಟು ಆರು. ಒಂಬತ್ತರೊಳಗೆ ಹೋದರೆ ಸಿಗುತ್ತೆ.